ಎಡ ಹೆಗಲಿನ ಮಡಿಕೆ

"ಮೇಷ್ಟ್ರೆ, ಯಾವ ಭಾಷೇಲಿ ಬರೆದ್ರೂ ಉಪಯೋಗಕ್ಕೆ ಬರೋ ಹಾಗೆ, ಪ್ರೋಗ್ರಾಮಿಂಗ್‌ನ ಮೂಲ ತತ್ವ ಕಲಿಸೋ ಒಳ್ಳೆ ಪುಸ್ತಕ ಯಾವ್ದು?"

ಕೇಳಿದ್ದು ನಾನು. ಕೇಳೋಕೆ ಮೂರು ದಿನ ಬೇಕಾಯ್ತು.

ಮರುಳಯ್ಯ ಮೇಷ್ಟ್ರು ಹೈಸ್ಕೂಲಲ್ಲಿ ಲೆಕ್ಕ ಹೇಳಿಕೊಡ್ತಿದ್ದೋರು. ರಿಟೈರ್ ಆದ್ಮೇಲೆ ಹಿಟ್ಟಿನ ಗಿರಣಿ ಮೇಲಿರೋ ರೂಮಲ್ಲಿ ಕಂಪ್ಯೂಟರ್ ಕ್ಲಾಸ್ ಮಾಡ್ತಾರೆ. ಮೂರು ಕಂಪ್ಯೂಟರು. ನಾವು ಆರು ಜನ. ಗಿರಣಿ ಶುರುವಾದ್ರೆ ಮೇಷ್ಟ್ರು ಪಾಠ ನಿಲ್ಲಿಸ್ತಾರೆ, ನಿಂತ ಮೇಲೆ ಬಿಟ್ಟ ಮಾತಿಂದಾನೇ ಶುರು ಮಾಡ್ತಾರೆ.

ನಾನು ಕೇಳಿದ ತಕ್ಷಣ ಪಕ್ಕದಲ್ಲಿದ್ದ ಸುಕೃತಾ ನಕ್ಳು. "ಮೇಷ್ಟ್ರೆ, ಇವಳಿಗೆ ಪುಸ್ತಕದ ಹುಚ್ಚು. ಪುಸ್ತಕ ಹೇಗೆ ಓದ್ಬೇಕು ಅನ್ನೋದಕ್ಕೂ ಒಂದು ಪುಸ್ತಕ ಕೇಳ್ತಾಳೆ."

ಮೇಷ್ಟ್ರು ನಗಲಿಲ್ಲ. "ಇಲ್ಲೀವರೆಗೂ ಎಷ್ಟು ಓದಿದೀಯ?" ಅಂದ್ರು.

ನಾನು ಉದ್ದದ ನೋಟ್‌ಬುಕ್ ಕೊಟ್ಟೆ. ಲೈಬ್ರರಿಯ ಎರಡು ಪುಸ್ತಕ, ಸೀನಿಯರ್ ಒಬ್ಬರ ನೋಟ್ಸು, ಇಂಟರ್ನೆಟ್ಟಿಂದ ಇಳಿಸಿಕೊಂಡ ಎರಡು ಪಾಠ. ಐದರಿಂದಾನೂ ಪ್ರೋಗ್ರಾಮು ಬರ್ಕೊಂಡಿದ್ದೆ. ಒಂದೊಂದು ಒಂದೊಂದು ಥರ ಹೇಳ್ತಿತ್ತು. ಒಂದು ಇದನ್ನ ಮೊದಲು ಕಲಿ ಅಂದ್ರೆ ಇನ್ನೊಂದು ಅದನ್ನ ಕೊನೇಲಿ ಕಲಿ ಅಂತಿತ್ತು. ನನಗೆ ತಲೆ ಕೆಟ್ಟುಹೋಗಿತ್ತು. ಆದ್ರೆ ಒಂದು ಸಾಲು ಮಾತ್ರ ಐದರಲ್ಲೂ ಇತ್ತು. ಪ್ರತಿ ಪ್ರೋಗ್ರಾಮಿನ ಕೊನೇಲಿ, ಯಾರಾದ್ರೂ ಒಂದು ಕೀ ಒತ್ತೋವರೆಗೂ ಕಾಯ್ತಾ ಇರು ಅಂತ ಕಂಪ್ಯೂಟರಿಗೆ ಹೇಳೋ ಸಾಲು. ಅದರ ಕೆಳಗೆಲ್ಲ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದೆ. ಪಕ್ಕದಲ್ಲಿ 'ತತ್ವ ಒಂದು' ಅಂತ ಬರೆದಿದ್ದೆ.

ಮೇಷ್ಟ್ರು ಪುಟ ತಿರುಗಿಸಿದ್ರು. ಕೆಂಪು ಗೆರೆ ಹತ್ರ ನಿಂತ್ರು.

"ಇದು ಎಲ್ಲದರಲ್ಲೂ ಇದೆಯಾ?"

"ಎಲ್ಲದರಲ್ಲೂ ಇದೆ ಮೇಷ್ಟ್ರೆ."

"ಅದಕ್ಕೇ ತತ್ವ ಅಂದ್ಯಾ?"

"ಹೂಂ."

ಮೇಷ್ಟ್ರು ನೋಟ್‌ಬುಕ್ ಮುಚ್ಚಿ ತೊಡೆ ಮೇಲಿಟ್ಕೊಂಡ್ರು. ಆಮೇಲೆ ಹೇಳಿದ್ರು.

ಒಂದೂರಲ್ಲಿ ಒಬ್ಬಳು ಟೈಲರ್ ಇದ್ಲು. ಬ್ಲೌಸ್ ಹೊಲೀತಿದ್ಲು. ಅಳತೆ ಬ್ಲೌಸ್ ಕೊಟ್ರೆ ಸಾಕು, ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇಲ್ದಂಗೆ ಹಾಗೇ ಹೊಲಿದು ಕೊಡ್ತಿದ್ಲು. ಅದಕ್ಕೇ ಅವಳಿಗೆ ಹೆಸರು.

ಆ ಊರಲ್ಲಿ ಯಾರೂ ಮೈಗೆ ಟೇಪು ಹಿಡೀತಿರಲಿಲ್ಲ. ಹಿಂದೆ ಟೈಲರುಗಳೆಲ್ಲ ಗಂಡಸರು. ಹೆಂಗಸರು ಬಾಗಿಲ ಹಿಂದೆ ನಿಂತು, ಸರಿಯಾಗಿ ಕೂತಿರೋ ಒಂದು ಹಳೇ ಬ್ಲೌಸ್ ಕೊಟ್ಟು ಕಳಿಸೋರು. ಆಮೇಲೆ ಹೆಂಗಸರೂ ಟೈಲರುಗಳಾದ್ರು. ಪದ್ಧತಿ ಹಾಗೇ ಉಳೀತು. "ಅಳತೆ ತಂದಿದೀರಾ ಅಕ್ಕ?" ಅಂದ್ರೆ ಹಳೇ ಬ್ಲೌಸ್ ತಂದಿದೀರಾ ಅಂತಾನೇ ಅರ್ಥ.

ಈ ಟೈಲರಿಗೆ ಇನ್ನೂ ಚೆನ್ನಾಗಿ ಕಲೀಬೇಕು ಅಂತ ಆಸೆ ಆಯ್ತು. ಹೊಲಿಗೆಯ ಮೂಲ ಏನು ಅಂತ ತಿಳೀಬೇಕು. ಎಲ್ಲಿ ಕಲಿಯೋದು?

ಟೈಲರುಗಳ ವಿದ್ಯೆ ಎಲ್ಲ ಕಟಿಂಗಲ್ಲಿ ಇರುತ್ತೆ ಅಂತ ಅವಳು ಅಂದ್ಕೊಂಡ್ಲು. ಕಟಿಂಗ್ ಅಂದ್ರೆ ಬಟ್ಟೆ ಕತ್ತರಿಸೋಕೆ ಮುಂಚೆ ಮೇಲಿಟ್ಕೊಳ್ಳೋ ಕಾಗದ. ಹಳೇ ನ್ಯೂಸ್‌ಪೇಪರಲ್ಲಿ ಕತ್ತರಿಸಿ, ದಾರ ಪೋಣಿಸಿ, ಅಂಗಡಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿರ್ತಾರೆ. ಅವಳು ಸುತ್ತಮುತ್ತಲಿನ ಊರಿಗೆಲ್ಲ ಹೋದ್ಲು. ಒಳ್ಳೆ ಟೈಲರ್ ಅಂತ ಹೆಸರಿದ್ದೋರ ಹತ್ರ ಎಲ್ಲ ಕಟಿಂಗ್ ಕೇಳಿ ತಂದ್ಲು. ಒಬ್ಬ ಸುಮ್ನೆ ಕೊಟ್ಟ. ಒಬ್ಬ ಕಾಫಿ ತರಿಸಿ ಕೊಟ್ಟ. ಒಬ್ಬಳು ಕೊಡಲ್ಲ ಅಂದು, ಈ ಟೈಲರ್ ಬಸ್ ಹತ್ತೋ ಹೊತ್ತಿಗೆ ಓಡಿಬಂದು ಕಿಟಕಿಯಲ್ಲಿ ಕೊಟ್ಲು. ಒಟ್ಟು ಹನ್ನೊಂದು ಆಯ್ತು.

ಹನ್ನೊಂದನ್ನೂ ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿದ್ಲು. ಕತ್ತು ಬೇರೆ ಬೇರೆ. ತೋಳು ಬೇರೆ ಬೇರೆ. ಬೆನ್ನು ಬೇರೆ ಬೇರೆ. ಆದ್ರೆ ಎಡ ಹೆಗಲಲ್ಲಿ, ಕತ್ತಿನ ಹತ್ರ, ಅರ್ಧ ಬೆರಳಷ್ಟು ಒಂದು ಮಡಿಕೆ ಗುರುತು. ಅದು ಹನ್ನೊಂದರಲ್ಲೂ ಇತ್ತು. ಬಲಗಡೆ ಯಾವುದರಲ್ಲೂ ಇಲ್ಲ.

ಅವಳಿಗೆ ಖುಷಿಯೋ ಖುಷಿ. ಬೇರೆ ಬೇರೆ ಇರೋದು ಅವರವರ ಇಷ್ಟ, ಎಲ್ಲದರಲ್ಲೂ ಇರೋದೇ ಮೂಲ ಅಂದ್ಕೊಂಡ್ಲು. ಆ ಮಡಿಕೆ ಮೇಲೆ ಬಣ್ಣದ ಚಾಕಲ್ಲಿ ಗೆರೆ ಎಳೆದ್ಲು. ಅವತ್ತಿಂದ ಏನೇ ಬಿಟ್ರೂ ಆ ಮಡಿಕೆ ಮಾತ್ರ ಬಿಡ್ತಿರಲಿಲ್ಲ. ಅಳತೆ ಬ್ಲೌಸಲ್ಲಿ ಇಲ್ದಿದ್ರೂ ಹಾಕೋಳು.

ಕೆಲವರು ಬಂದು ಹೇಳೋರು. "ಎಡಗಡೆ ಯಾಕೋ ಸ್ವಲ್ಪ ಎಳೆಯುತ್ತೆ ಕಣೇ."

"ಹೊಸದಲ್ವಾ ಅಕ್ಕ. ಎರಡು ಸಲ ನೀರಿಗೆ ಬಿದ್ರೆ ಸರಿಹೋಗುತ್ತೆ."

ಎರಡು ಸಲ ಒಗೆದ ಮೇಲೆ ಅವರಿಗೇ ಅಭ್ಯಾಸ ಆಗ್ತಿತ್ತು.

ಇಲ್ಲಿ ಒಂದು ಮಾತು ಬಿಟ್ಟೆ, ಮೇಷ್ಟ್ರು ಇದನ್ನ ಮೊದಲೇ ಹೇಳಿದ್ರು. ಆ ಊರಿನ ಹೆಂಗಸರು ಮಾತಾಡ್ತಾ ಮಾತಾಡ್ತಾ ಎಡ ಹೆಗಲನ್ನ ಒಂದ್ಸಲ ಕುಣಿಸ್ತಿದ್ರಂತೆ. ಬ್ಲೌಸ್ ಸರಿಮಾಡ್ಕೊಳ್ಳೋಕೆ. ಬೇರೆ ಊರಿನೋರು ಅದನ್ನ ನೋಡಿ, ಆ ಊರಿನ ಹೆಂಗಸರಿಗೆ ಬಹಳ ಗತ್ತು ಅಂತಿದ್ರಂತೆ. ಸಂಬಂಧ ಕೇಳೋಕೆ ಬಂದೋರು ಹೆಣ್ಣು ಹೆಗಲು ಕುಣಿಸಿದ್ದು ನೋಡಿ ಹೆದರಿ ವಾಪಸ್ ಹೋಗಿದ್ದೂ ಇದೆಯಂತೆ.

ಒಂದಿನ ಅವಳ ಅಂಗಡಿಗೆ ಒಬ್ಬರು ಟೀಚರಮ್ಮ ಬಂದ್ರು.

ಹೋದ ವರ್ಷ ಬಸ್ಸಿಂದ ಇಳಿಯೋವಾಗ ಬಿದ್ದು ಅವರ ಬಲ ಹೆಗಲ ಮೂಳೆ ಮುರಿದಿತ್ತು. ಕೂಡಿಕೊಂಡಿತ್ತು, ಆದ್ರೆ ಸೊಟ್ಟ ಕೂಡಿಕೊಂಡಿತ್ತು. ಒಂದು ವರ್ಷ ರಜೆ ಹಾಕಿದ್ರು. ಇನ್ನು ಹದಿನೈದು ದಿನಕ್ಕೆ ಸ್ಕೂಲಿಗೆ ಹೋಗ್ಬೇಕಿತ್ತು.

ಟೀಚರಮ್ಮ ಒಂದು ಬ್ಲೌಸ್ ಪೀಸ್ ಮೇಜಿನ ಮೇಲಿಟ್ರು. ಗೋರಂಟಿ ಬಣ್ಣದ್ದು.

"ಅಳತೆ ಟೀಚರಮ್ಮ?"

"ಇಲ್ಲ ಕಣಮ್ಮ. ಹಳೇವು ಒಂದೂ ಈಗ ಆಗಲ್ಲ."

"ಸ್ವಲ್ಪ ಸಡಿಲ ಮಾಡಿ ಹೊಲಿದುಬಿಡ್ಲಾ?"

"ಅದೂ ಹೊಲಿಸಿ ನೋಡಿದೆ. ಹೆಗಲಿಂದ ಜಾರುತ್ತೆ. ಒಂದು ಕೈಲಿ ಬ್ಲೌಸ್ ಹಿಡ್ಕೊಂಡು ಇನ್ನೊಂದು ಕೈಲಿ ಪಾಠ ಮಾಡ್ಲಾ?" ಅಂತ ಟೀಚರಮ್ಮ ನಕ್ರು. ಆಮೇಲೆ ನಗು ನಿಲ್ಲಿಸಿ ಹೇಳಿದ್ರು. "ಬೋರ್ಡಿನ ಮೇಲ್ತುದಿವರೆಗೂ ಕೈ ಹೋಗ್ಬೇಕು. ಹೋಗ್ದಿದ್ರೆ ಆಫೀಸಲ್ಲಿ ಕೂತು ರಿಜಿಸ್ಟರ್ ಬರೀರಿ ಅಂದಿದಾರೆ ಹೆಡ್‌ಮಾಸ್ಟರು. ನನ್ನ ಕೈ ಏಳುತ್ತೆ ಕಣಮ್ಮ. ಬ್ಲೌಸು ಏಳೋಕೆ ಬಿಡಲ್ಲ."

ಟೈಲರ್ ಬಟ್ಟೆ ಮುಟ್ಟಿ ನೋಡಿದ್ಲು.

"ಅದು ನಮ್ಮಮ್ಮನ ಸೀರೇದು," ಅಂದ್ರು ಟೀಚರಮ್ಮ. "ಅವರು ಉಟ್ಟ ಕೊನೇ ಸೀರೆ. ಬ್ಲೌಸ್ ಪೀಸ್ ಹೊಲಿಸದೇ ಇಟ್ಟಿದ್ರು. ಮೊದಲನೇ ದಿನ ಇದನ್ನೇ ಹಾಕ್ಕೊಂಡು ಹೋಗ್ಬೇಕು ಅಂತ. ಇರೋದು ಇದೊಂದೇ. ಕತ್ತರಿ ತಪ್ಪಿದ್ರೆ ಮುಗೀತು. ಇಬ್ಬರು ಟೈಲರುಗಳು ಆಗಲ್ಲ ಅಂದ್ರು. ನೀನು ಆಗಲ್ಲ ಅಂದ್ರೂ ಬೇಜಾರಿಲ್ಲ."

"ಆಗುತ್ತೆ ಬಿಡಿ," ಅಂದ್ಲು ಟೈಲರ್. ಹನ್ನೊಂದು ಕಟಿಂಗ್ ಇತ್ತಲ್ಲ, ಅದರ ಧೈರ್ಯ.

ಆ ಬಟ್ಟೆಗೆ ಕತ್ತರಿ ಹಾಕಲಿಲ್ಲ. ಮೊದಲು ಹಳೇ ಬೆಡ್‌ಶೀಟಲ್ಲಿ ಹೊಲಿದ್ಲು. ಹನ್ನೊಂದು ಕಟಿಂಗಲ್ಲಿ ಒಂದರಿಂದ ತೋಳು ತಗೊಂಡ್ಲು, ಒಂದರಿಂದ ಬೆನ್ನು ತಗೊಂಡ್ಲು, ಒಂದರಿಂದ ಕತ್ತು. ಎಡ ಹೆಗಲಿಗೆ ಮಡಿಕೆ ಹಾಕಿದ್ಲು. ಟೀಚರಮ್ಮ ಹಾಕ್ಕೊಂಡ್ರು. ಕೈ ಕಿವಿವರೆಗೂ ಬಂತು, ನಿಂತುಹೋಯ್ತು. ಬಿಚ್ಚಿ ಬೇರೆ ಹೊಲಿದ್ಲು. ಕೈ ಗಲ್ಲದವರೆಗೂ ಬಂತು. ಮೊದಲನೇದೇ ವಾಸಿ ಇತ್ತು.

"ಬಲಗಡೆದು ಬಿಡು," ಅಂದ್ರು ಟೀಚರಮ್ಮ. "ಅದು ಸೊಟ್ಟ ಮೂಳೆ. ಎಡಗಡೆ ನನ್ನ ಹೆಗಲು ನೆಟ್ಟಗಿದೆ. ಅಲ್ಲಿ ಯಾಕೆ ಎಳೀತಿದೆ?"

"ಅದು ಮಡಿಕೆ ಟೀಚರಮ್ಮ."

"ಯಾಕೆ ಹಾಕಿದೀಯ?"

"ಹಾಕ್ಬೇಕು."

"ಯಾಕೆ ಹಾಕ್ಬೇಕು?"

ಟೈಲರ್ ಒಳಗೆ ಹೋಗಿ ಹನ್ನೊಂದು ಕಟಿಂಗೂ ತಂದು ಹರಡಿದ್ಲು. "ನೋಡಿ. ಹನ್ನೊಂದು ಊರಿಂದ ತಂದಿದ್ದು. ಎಲ್ಲದರಲ್ಲೂ ಇದೆ. ಎಲ್ಲದರಲ್ಲೂ ಇದೆ ಅಂದ್ಮೇಲೆ ಅದು ಸರಿ ತಾನೆ?"

ಟೀಚರಮ್ಮ ಬಗ್ಗಿ ನೋಡಿದ್ರು. ಒಂದು ಮಡಿಕೆ ನೋಡಿದ್ರು, ಇನ್ನೊಂದು ನೋಡಿದ್ರು. ಎಲ್ಲಾ ಒಂದೇ ಜಾಗ, ಒಂದೇ ಅಗಲ.

"ಪರೀಕ್ಷೆ ಪೇಪರ್ ತಿದ್ದೋವಾಗ," ಅಂದ್ರು, "ಹನ್ನೊಂದು ಹುಡುಗರೂ ಒಂದೇ ಥರದ ತಪ್ಪು ಉತ್ತರ ಬರೆದಿದ್ರೆ ನಾನೇನು ಅಂದ್ಕೋತೀನಿ ಗೊತ್ತಾ?"

"ಏನು?"

"ಹನ್ನೊಂದು ಜನ ಓದಿದಾರೆ ಅಂದ್ಕೊಳ್ಳಲ್ಲ. ಹತ್ತು ಜನ ಒಬ್ಬನ್ನ ನೋಡಿ ಬರೆದಿದಾರೆ ಅಂದ್ಕೋತೀನಿ."

ಟೈಲರಿಗೆ ಮುಖ ಸಣ್ಣದಾಯ್ತು. ತನ್ನ ವಿದ್ಯೆಗೇ ಅಂದ ಹಾಗಾಯ್ತು. ಮಾರನೇ ದಿನ ಬೆಳಗ್ಗೆ ಅಂಗಡಿಗೆ ಬೀಗ ಹಾಕಿ, ಒಂದು ಕಟಿಂಗ್ ಸುತ್ತಿ ಕಂಕುಳಲ್ಲಿ ಇಟ್ಕೊಂಡು ಹೊರಟ್ಲು.

ಮೊದಲು ಬಸ್ ಕಿಟಕಿಯಲ್ಲಿ ಕಟಿಂಗ್ ಕೊಟ್ಟೋಳ ಹತ್ರ ಹೋದ್ಲು. "ಈ ಮಡಿಕೆ ಯಾಕೆ ಅಕ್ಕ?"

"ನನಗೆ ಹೊಲಿಗೆ ಕಲಿಸಿದ ಮೇಷ್ಟ್ರು ಹಾಕ್ತಿದ್ರು."

ಆ ಮೇಷ್ಟ್ರ ಹತ್ರ ಹೋದ್ಲು. ಆತನೂ ಅದೇ ಹೇಳಿದ. ಆತನ ಮೇಷ್ಟ್ರು ಹಾಕ್ತಿದ್ರಂತೆ. ಇನ್ನೊಂದೂರಲ್ಲಿ ಒಬ್ಬ ಟೈಲರ್ ಕತ್ತರಿ ಕೆಳಗಿಟ್ಟು ಬೈದುಬಿಟ್ಟ. "ಶಾಸ್ತ್ರ ಅದು. ಶಾಸ್ತ್ರನ ಯಾಕೆ ಅಂತ ಕೇಳ್ತಾರೇನಮ್ಮ?"

ಮತ್ತೊಂದೂರಲ್ಲಿ ಒಬ್ಬ ಬುದ್ಧಿವಂತ ಸಿಕ್ಕಿದ. "ಅಷ್ಟೂ ಗೊತ್ತಾಗಲ್ವಾ?" ಅಂದ. "ಸೆರಗು ಯಾವ ಹೆಗಲ ಮೇಲಿರುತ್ತೆ? ಎಡ ಹೆಗಲ ಮೇಲೆ. ಅದು ಜಾರದೇ ಕೂರಲಿ ಅಂತ ಅಲ್ಲೊಂದು ಮಡಿಕೆ."

ಕಾರಣ ಚೆನ್ನಾಗಿತ್ತು. ಅವಳು ಅದನ್ನ ನಂಬಿ ಎದ್ದು ಬಾಗಿಲವರೆಗೂ ಬಂದ್ಲು. ಬಾಗಿಲ ಹತ್ರ ಚಿಕ್ಕ ಹುಡುಗಿಯರ ಫ್ರಾಕುಗಳನ್ನ ನೇತುಹಾಕಿದ್ದ. ಒಂದನ್ನ ತಿರುಗಿಸಿ ನೋಡಿದ್ಲು. ಎಡ ಹೆಗಲಲ್ಲಿ ಮಡಿಕೆ. ಇನ್ನೊಂದು ನೋಡಿದ್ಲು. ಅದರಲ್ಲೂ ಮಡಿಕೆ.

"ಅಣ್ಣ, ಫ್ರಾಕಿಗೆ ಸೆರಗು ಎಲ್ಲಿರುತ್ತೆ?" ಅಂದ್ಲು.

ಬುದ್ಧಿವಂತ ಮಿಶಿನ್ ತುಳಿಯೋಕೆ ಶುರುಮಾಡಿದ. ಮಿಶಿನ್ ಸದ್ದಲ್ಲಿ ಏನೂ ಕೇಳಿಸಲಿಲ್ಲ ಅನ್ನೋ ಹಾಗೆ.

ಅವಳು ಹಾಗೇ ಕೇಳ್ತಾ ಹೋದ್ಲು. ಯಾರಿಂದ ಯಾರಿಗೆ ಬಂತು, ಅವರಿಗೆ ಯಾರಿಂದ ಬಂತು. ಹನ್ನೊಂದು ದಾರಿ ಹೋಗ್ತಾ ಹೋಗ್ತಾ ಮೂರಾಯ್ತು. ಮೂರೂ ಹೋಗಿ ಒಂದು ಹಳ್ಳಿಯ ಒಂದು ಮನೆ ಮುಂದೆ ನಿಂತ್ವು. ಅಷ್ಟು ಹೊತ್ತಿಗೆ ಒಂಬತ್ತು ದಿನ ಕಳೆದಿತ್ತು.

ಆ ಮನೇಲಿ ಒಬ್ಬ ಮುದುಕ ಟೈಲರ್. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟಿದ್ದ. ಜಗಲಿ ಮೇಲೆ ಅವನ ಹೆಂಡತಿ ನೆನೆಸಿದ ಅವರೆಕಾಳು ಹಿಸುಕ್ತಾ ಕೂತಿದ್ಲು. ಬೇಳೆ ಪಾತ್ರೆಗೆ ಬೀಳ್ತಿತ್ತು, ಸಿಪ್ಪೆ ಕೈಲಿ ಉಳೀತಿತ್ತು.

ಟೈಲರ್ ಟೀಚರಮ್ಮನ ವಿಷಯ ಎಲ್ಲ ಹೇಳಿ, ಕಟಿಂಗನ್ನ ತಾತನ ಕೈಗೆ ಕೊಟ್ಲು. ತಾತ ಬೆರಳಲ್ಲಿ ಕತ್ತು ಸವರಿದ, ತೋಳು ಸವರಿದ. ಎಡ ಹೆಗಲ ಮಡಿಕೆ ಹತ್ರ ಬೆರಳು ನಿಂತ್ಕೊಂಡ್ವು. ತಾತ ನಕ್ಕುಬಿಟ್ಟ.

"ಏಯ್, ಇಲ್ನೋಡೇ! ನೀನು ಯಾವ್ಯಾವ ಊರೆಲ್ಲ ಸುತ್ತಿ ಬಂದಿದೀಯ!"

"ನಾನೆಲ್ಲಿಗೆ ಹೋಗಿದ್ದೆ?" ಅಂದ್ಲು ಅಜ್ಜಿ. "ನಿಮ್ಮ ಅವರೆಕಾಳಿಂದ ಬಿಡುವು ಸಿಕ್ರೆ ತಾನೆ."

ತಾತ ಹೇಳಿದ. ಅಜ್ಜಿಯ ಎಡ ಹೆಗಲು ಹುಟ್ಟಿದಾಗಿಂದಾನೇ ಬಲಗಡೆಗಿಂತ ತಗ್ಗು. ಅಲ್ಲಿ ಬಟ್ಟೆ ಹೆಚ್ಚಾಗಿ ಸುಕ್ಕಾಗ್ತಿತ್ತು. ಅದನ್ನ ಹಿಡಿಯೋಕೆ ಅರ್ಧ ಬೆರಳು ಮಡಿಸಿದ್ದ.

"ಆಗ ನಾವು ಬೇರೆ ಹೆಂಗಸರಿಗೆ ಟೇಪು ಹಿಡಿಯೋ ಹಾಗಿತ್ತಾ ತಾಯಿ? ನಾನು ಟೇಪು ಹಿಡಿದಿದ್ದು ಇವಳೊಬ್ಬಳಿಗೇ. ಇವಳದು ಚೆನ್ನಾಗಿ ಕೂತಿದೆ ಅಂತ ಪಕ್ಕದ ಮನೆಯೋಳು ಅಳತೆಗೆ ಇಸ್ಕೊಂಡು ಹೋದ್ಲು. ಅದನ್ನ ಯಾರೋ ಟೈಲರ್ ಬಿಚ್ಚಿ ಕಾಗದಕ್ಕೆ ಇಳಿಸಿಕೊಂಡ. ನನ್ನ ಹತ್ರ ಕಲಿಯೋಕೆ ಬಂದೋರೂ ಹಾಗೇ ಇಳಿಸಿಕೊಂಡ್ರು."

"ನೀವು ಹೇಳಲಿಲ್ವಾ ತಾತ, ಇದು ಅಜ್ಜಿಗೆ ಹಾಕಿದ್ದು ಅಂತ?"

"ಯಾರೂ ಕೇಳಲಿಲ್ಲವಲ್ಲ. ಬಂದೋರೆಲ್ಲ ಕಟಿಂಗ್ ಕೇಳಿದ್ರು. ಕೊಟ್ಟೆ."

ಟೈಲರ್ ಜಗಲಿ ಮೇಲೆ ಕೂತುಬಿಟ್ಲು. ಇಷ್ಟು ವರ್ಷ ತಾನು ಊರಿನ ಹೆಂಗಸರಿಗೆಲ್ಲ ಈ ಅಜ್ಜಿಯ ಹೆಗಲು ಹೊಲಿದು ಕೊಟ್ಟಿದ್ದು ನೆನಪಾಯ್ತು. ಅವರೆಲ್ಲ ಹೆಗಲು ಕುಣಿಸಿದ್ದೂ ನೆನಪಾಯ್ತು. ಅಳು ಬಂತು.

"ಹಂಗಾದ್ರೆ ನಾನು ಕೂಡಿಟ್ಟಿದ್ದೆಲ್ಲ ಸುಳ್ಳಾ?"

"ಸುಳ್ಳು ಯಾಕಾಗುತ್ತೆ?" ಅಂದ್ಲು ಅಜ್ಜಿ. ಮೊದಲ ಸಲ ಕೈ ನಿಲ್ಲಿಸಿದ್ಲು. "ಐವತ್ತು ವರ್ಷ ಆಯ್ತು, ನನಗೆ ಒಂದಿನವೂ ಎಳೆದಿಲ್ಲ."

"ತಾತ, ನಿಮಗೆ ಯಾರು ಕಲಿಸಿದ್ರು? ನಿಮ್ಮ ಹತ್ರ ಯಾವ ಕಟಿಂಗ್ ಇತ್ತು?"

"ಕಟಿಂಗ್ ಎಲ್ಲಿಂದ ಬರಬೇಕು? ಇವಳ ಬೈಗುಳ ಇತ್ತು." ತಾತ ಬೆರಳು ಮಡಿಸ್ತಾ ಎಣಿಸಿದ. "ಮೊದಲನೇದು ಹೊಲಿದೆ. ಕೊಡ ಎತ್ತೋಕೆ ಆಗ್ತಿಲ್ಲ ಅಂದ್ಲು. ಬಿಚ್ಚಿದೆ. ಎರಡನೇದರಲ್ಲಿ ರುಬ್ಬೋಕೆ ಆಗ್ತಿಲ್ಲ ಅಂದ್ಲು. ಬಿಚ್ಚಿದೆ. ಮೂರನೇದರಲ್ಲಿ ಉಸಿರಾಡೋಕೇ ಆಗ್ತಿಲ್ಲ ಅಂದ್ಲು."

"ಅದು ನಿಜವಾಗ್ಲೂ ಆಗ್ತಿರಲಿಲ್ಲ," ಅಂದ್ಲು ಅಜ್ಜಿ.

"ಏಳನೇದಕ್ಕೆ ಬೈಯೋದು ನಿಲ್ಲಿಸಿದ್ಲು. ಆವಾಗ ಗೊತ್ತಾಯ್ತು, ಕಲಿತೆ ಅಂತ." ತಾತ ಕಟಿಂಗ್ ವಾಪಸ್ ಕೊಟ್ಟ. "ನಿನ್ನ ಟೀಚರಮ್ಮನ ಕೈಲಿ ಬೋರ್ಡ್ ಮೇಲೆ ಬರೆಸು ತಾಯಿ. ಎಲ್ಲಿ ಎಳೆಯುತ್ತೋ ಅಲ್ಲಿ ಕೇಳು."

ಟೈಲರ್ ಊರಿಗೆ ಬರೋ ಹೊತ್ತಿಗೆ ಐದೇ ದಿನ ಉಳಿದಿತ್ತು. ಟೀಚರಮ್ಮನ್ನ ಕರೆಸಿದ್ಲು. ಪೆಟ್ಟಿಗೆ ತಳದಿಂದ ಟೇಪು ತೆಗೆದ್ಲು. ಅವಳು ಅದುವರೆಗೂ ಬಟ್ಟೆಗೆ ಟೇಪು ಹಿಡಿದಿದ್ಲೇ ಹೊರತು ಮನುಷ್ಯರಿಗೆ ಹಿಡಿದಿರಲಿಲ್ಲ. ಸೊಟ್ಟ ಹೆಗಲ ಮೇಲೆ ಟೇಪನ್ನ ತಾಗಿಯೂ ತಾಗದ ಹಾಗೆ ಇಟ್ಲು.

"ಗಟ್ಟಿಯಾಗೇ ಹಿಡಿ," ಅಂದ್ರು ಟೀಚರಮ್ಮ. "ನೋವೆಲ್ಲ ಹೋದ ವರ್ಷವೇ ಮುಗೀತು."

ಬೆಡ್‌ಶೀಟ್ ಬ್ಲೌಸ್ ಹಾಕಿಸಿ, ಕೈಗೆ ಚಾಕ್ ಕೊಟ್ಟು, ಅಂಗಡಿ ಗೋಡೆ ತೋರಿಸಿದ್ಲು. "ಇದೇ ಬೋರ್ಡ್ ಅಂದ್ಕೊಂಡು ಬರೀರಿ."

"ಏನು ಬರೀಲಿ?"

"ಏನಾದ್ರೂ. ಮೇಲಕ್ಕೆ."

ಟೀಚರಮ್ಮ ಮಗ್ಗಿ ಬರೆದ್ರು. ಕೈ ನಿಂತ ಕಡೆ ಗೋಡೆ ಮೇಲೆ ಒಂದು ಗೆರೆ ಬಿತ್ತು. ಬಟ್ಟೆ ಎಳೆದ ಕಡೆ ಟೈಲರ್ ಬ್ಲೌಸ್ ಮೇಲೆ ಒಂದು ಗೆರೆ ಹಾಕಿದ್ಲು. ಬಿಚ್ಚಿದ್ಲು, ಹೊಲಿದ್ಲು. ಎಡಗಡೆ ಮಡಿಕೆ ತೆಗೆದ್ಲು. ಟೀಚರಮ್ಮ ಎಡ ಹೆಗಲು ಒಂದ್ಸಲ ತಿರುಗಿಸಿ, "ಓ!" ಅಂದ್ರು. ಅಷ್ಟೇ. ಬಲಗಡೆ ಮಾತ್ರ ಬಗ್ಗಲಿಲ್ಲ. ತೋಳು ದೊಡ್ಡದು ಮಾಡಿದ್ಲು. ಗೋಡೆ ಮೇಲಿನ ಗೆರೆ ಸ್ವಲ್ಪ ಮೇಲೆ ಹೋಯ್ತು. ಬೆನ್ನಲ್ಲಿ ಬಟ್ಟೆ ಬಿಟ್ಟುಕೊಟ್ಲು. ಇನ್ನೂ ಸ್ವಲ್ಪ. ನಾಲ್ಕನೇ ದಿನ ಕಂಕುಳ ಹೊಲಿಗೆ ಬಿಚ್ಚಿ, ಅಲ್ಲಿ ಅಂಗೈಗಿಂತ ಚಿಕ್ಕದೊಂದು ಚೌಕ ತುಂಡು ಸೇರಿಸಿದ್ಲು. ಅವಳ ಹನ್ನೊಂದು ಕಟಿಂಗಲ್ಲೂ ಅಂಥದ್ದು ಇರಲಿಲ್ಲ. ಟೀಚರಮ್ಮ ಕೈ ಎತ್ತಿದ್ರು. ಚಾಕ್ ಗೋಡೆಯಲ್ಲಿ ಬಾಗಿಲ ಮೇಲ್ಪಟ್ಟಿಯ ಎತ್ತರಕ್ಕೆ ತಾಗ್ತು.



ಆಮೇಲೆ ಗೋರಂಟಿ ಬಣ್ಣದ ಬಟ್ಟೆ ಹರಡಿದ್ಲು. ಕತ್ತರಿ ಎತ್ಕೊಂಡ್ಲು. ಕೈ ಮುಂದೆ ಹೋಗಲಿಲ್ಲ.

"ಕತ್ತರಿಸಮ್ಮ," ಅಂದ್ರು ಟೀಚರಮ್ಮ. "ಈ ಸಲ ಯಾಕೆ ಅಂತ ನಿನಗೆ ಗೊತ್ತಲ್ಲ."

ಅವಳು ಕತ್ತರಿಸಿದ್ಲು.

ಸೋಮವಾರ ಟೀಚರಮ್ಮ ಕ್ಲಾಸಿಗೆ ಹೋದ್ರು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತಿದ್ರು. ಟೀಚರಮ್ಮ ಚಾಕ್ ತಗೊಂಡು, ಬೋರ್ಡಿನ ಮೇಲ್ತುದಿಯ ಮೂಲೆಗೆ ಕೈ ಎತ್ತಿ ತಾರೀಕು ಬರೆದ್ರು. ಹೆಡ್‌ಮಾಸ್ಟರು ತಾರೀಕು ಓದಿ ಆಫೀಸಿಗೆ ಹೋದ್ರು.

ಗಿರಣಿ ಶುರುವಾಯ್ತು. ಮೇಷ್ಟ್ರು ನಿಲ್ಲಿಸಿದ್ರು. ಕತೆ ಮುಗೀತು ಅಂತ ನಾವು ಅಂದ್ಕೊಂಡ್ವಿ. ಯಾರದೋ ರಾಗಿ ಬೀಸಿ ಆಗೋವರೆಗೂ ಸುಮ್ನೆ ಕೂತಿದ್ವಿ. ಗಿರಣಿ ನಿಂತ ಮೇಲೆ ಮೇಷ್ಟ್ರು ಬಿಟ್ಟ ಕಡೆಯಿಂದ ಶುರು ಮಾಡಿದ್ರು.

ಆ ಟೈಲರ್ ಹನ್ನೊಂದು ಕಟಿಂಗನ್ನೂ ಒಲೆಗೆ ಹಾಕಲಿಲ್ಲ. ಮತ್ತೆ ಗೋಡೆಗೇ ನೇತುಹಾಕಿದ್ಲು. ಹಾಕೋ ಮುಂಚೆ ಪ್ರತಿಯೊಂದರ ಮಡಿಕೆ ಪಕ್ಕದಲ್ಲೂ 'ಇದು ಆ ಅಜ್ಜಿಯ ಹೆಗಲು' ಅಂತ ಬರೆದ್ಲು. ಟೀಚರಮ್ಮನ ಬ್ಲೌಸಿಗೆ ಹನ್ನೆರಡನೇ ಕಟಿಂಗ್ ಮಾಡಿದ್ಲು. ಅದರ ಹಿಂದೆ ಬಸ್ಸಿಂದ ಬಿದ್ದಿದ್ದು, ಮೂಳೆ ಸೊಟ್ಟ ಕೂಡಿಕೊಂಡಿದ್ದು, ಬೋರ್ಡಿಗೆ ಕೈ ಎತ್ತಬೇಕಾಗಿದ್ದು, ಎಲ್ಲಾ ಬರೆದಿಟ್ಲು.

ಒಂದು ವಾರಕ್ಕೆ ಎದುರು ಅಂಗಡಿ ಟೈಲರ್ ಬಂದ. "ಟೀಚರಮ್ಮಂದು ಭಾರಿ ಚೆನ್ನಾಗಿ ಬಂದಿದೆಯಂತಲ್ಲ. ಆ ಕಟಿಂಗ್ ಒಂದ್ಸಲ ಕೊಡಕ್ಕ."

"ಕೊಡ್ತೀನಿ. ಮೊದಲು ಕೂತ್ಕೋ, ಅದರ ಕತೆ ಹೇಳ್ತೀನಿ."

"ಕತೆ ಕೇಳೋಕೆ ಟೈಮೆಲ್ಲಿದೆ ಅಕ್ಕ? ಮದುವೆ ಸೀಸನ್ನು."

"ಹಿಂದುಗಡೆ ಬರೆದಿದೀನಿ. ಅದನ್ನಾದ್ರೂ ಓದು."

"ಓದ್ತೀನಿ, ಓದ್ತೀನಿ," ಅಂತ ತಗೊಂಡು ಹೋದ. ಮುಂದುಗಡೆ ಮಾತ್ರ ಇಳಿಸಿಕೊಂಡು ಸಂಜೆಗೆ ವಾಪಸ್ ಕೊಟ್ಟ.

ಈಗ ಆ ಊರಲ್ಲಿ ಯಾರ ಎಡ ಹೆಗಲೂ ಕುಣಿಯಲ್ವಂತೆ. ಆದ್ರೆ ಅರ್ಧ ಊರಿನ ಬ್ಲೌಸಲ್ಲಿ ಬಲ ಕಂಕುಳ ಕೆಳಗೆ ಒಂದು ಚೌಕ ತುಂಡು ಇದೆಯಂತೆ.

ಸುಕೃತಾ ಜೋರಾಗಿ ನಕ್ಳು. ತನ್ನ ಬಲ ಕಂಕುಳ ಮುಟ್ಟಿ ನೋಡ್ಕೊಂಡ್ಲು. ಎಲ್ಲರೂ ನಕ್ರು. ನನಗೆ ನಗು ಬರಲಿಲ್ಲ. ನನ್ನ ಪ್ರಶ್ನೆ ಹಾಗೇ ಉಳಿದಿತ್ತು.

"ಹಂಗಾದ್ರೆ ಪುಸ್ತಕ ಓದಬಾರ್ದಾ ಮೇಷ್ಟ್ರೆ?"

"ಹನ್ನೊಂದು ಕಟಿಂಗ್ ಇಲ್ದಿದ್ರೆ ಅವಳಿಗೆ ಆ ತಾತನ ಮನೆ ದಾರಿ ಸಿಗ್ತಿತ್ತಾ?"

"ಇಲ್ಲ."

"ಓದು. ಐದಲ್ಲ, ಐವತ್ತು ಓದು."

"ಯಾವುದರಿಂದ ಶುರು ಮಾಡ್ಲಿ?"

ಮೇಷ್ಟ್ರು ತೊಡೆ ಮೇಲಿದ್ದ ನನ್ನ ನೋಟ್‌ಬುಕ್ ತೆಗೆದ್ರು. ನಿಧಾನಕ್ಕೆ ಪುಟ ತಿರುಗಿಸಿದ್ರು. 'ತತ್ವ ಒಂದು' ಅಂತ ಬರೆದಿದ್ದೆನಲ್ಲ, ಆ ಪುಟ ಬಿಚ್ಚಿ ನನ್ನ ಮುಂದೆ ಇಟ್ರು. ಕೆಂಪು ಗೆರೆ ಮೇಲೆ ಬೆರಳಿಟ್ರು.

"ಇದು ಯಾ‌ರ ಹೆಗಲು?"